ಪ್ರನಾಳ ಶಿಶುವಿನ ಭಾರತೀಯ ಶಿಲ್ಪಿ ಡಾ. ಸುಭಾಷ್ ಮುಖರ್ಜಿ

ಮದುವೆಯಾಗಿ ವರುಷಗಳುರುಳಿದರೂ ಮಡಿಲು ತುಂಬದ ಹೆಣ್ಣಿನ ಸಂಕಟಕ್ಕೆ ಭಾಷೆಯ ಗಡಿಯಿಲ್ಲ, ರಾಜ್ಯದ ಗಡಿಯೂ ಇಲ್ಲ. ನಮ್ಮ ಕುಂಬಳೆ, ಮಂಜೇಶ್ವರ, ಬದಿಯಡ್ಕಗಳ ಮನೆಗಳಲ್ಲಿ ನಾಗನಿಗೆ ತಂಬಿಲ, ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ಎಂದು ಹರಕೆ ಹೊರುತ್ತಾರೆ. ನಮ್ಮಂತೆಯೇ ಕರ್ನಾಟಕದ ಹೊರಗೆ ಉಳಿದ ಕನ್ನಡಿಗರ ಇನ್ನೊಂದು ನೆಲೆಯಾದ ಸೊಲ್ಲಾಪುರ ಜಿಲ್ಲೆಯಲ್ಲಿ, ಕಂದಲಗಾಂವದಂಥ ಹಳ್ಳಿಗಳ ಮಂದಿಗೆ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಸನ್ನಿಧಿ ಹತ್ತಿರ. ಹರಕೆ ಬೇರೆ, ಸನ್ನಿಧಿ ಬೇರೆ. ಆದರೆ ನೆರೆಮನೆಯ ತೊಟ್ಟಿಲ ಶಾಸ್ತ್ರಕ್ಕೆ ಎಲ್ಲರನ್ನೂ ಕರೆಯುವಾಗ ಆ ಒಬ್ಬಳ ಹೆಸರು ಮಾತ್ರ ಬಿಟ್ಟುಹೋಗುವ ರೀತಿ ಎಲ್ಲ ಕಡೆಯೂ ಒಂದೇ.

ಈ ಸಂಕಟಕ್ಕೆ ವೈದ್ಯಶಾಸ್ತ್ರವು ಒಂದು ದಾರಿಯನ್ನು ಕಂಡುಕೊಂಡಿದೆ. ಹೆಂಗಸಿನ ಅಂಡಾಣುವನ್ನು ಹೊರತೆಗೆದು, ಪ್ರಯೋಗಶಾಲೆಯ ಗಾಜಿನ ಬಟ್ಟಲಲ್ಲಿ ವೀರ್ಯಾಣುವಿನೊಡನೆ ಕೂಡಿಸಿ, ಹಾಗೆ ಮೂಡಿದ ಭ್ರೂಣವನ್ನು ಗರ್ಭಕೋಶದಲ್ಲಿ ನೆಲೆಗೊಳಿಸುವ ಚಿಕಿತ್ಸೆ ಅದು. ಪ್ರನಾಳ ಶಿಶು ಚಿಕಿತ್ಸೆಯೆಂದು ಹೆಸರಾದ ಈ ವಿಧಾನವು ಇಂದು ಮಂಗಳೂರಿನಲ್ಲೂ ದೊರೆಯುತ್ತದೆ, ಸೊಲ್ಲಾಪುರದಲ್ಲೂ ದೊರೆಯುತ್ತದೆ. ಆದರೆ ನಮ್ಮ ದೇಶದಲ್ಲಿ ಇದನ್ನು ಮೊತ್ತಮೊದಲು ಸಾಧಿಸಿ ತೋರಿದ ಮಹನೀಯನ ಹೆಸರನ್ನು ಬಲ್ಲವರು ಇಂದಿಗೂ ವಿರಳ. ಅವರು ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ. ಸಾಧನೆಗೆ ಪ್ರತಿಫಲವಾಗಿ ಅವರಿಗೆ ಬದುಕಿದ್ದಾಗ ದೊರೆತದ್ದು ಸುಳ್ಳುಗಾರನೆಂಬ ಅಪವಾದ. ಆ ಅಪವಾದವನ್ನು ತೊಡೆದುಹಾಕಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ಇನ್ನೊಬ್ಬ ವಿಜ್ಞಾನಿ. ಹಾಗೆ ಮಾಡಲು ಅವರು ಬಿಟ್ಟುಕೊಡಬೇಕಾಗಿ ಬಂದದ್ದು ತಮ್ಮದೇ ಕೀರ್ತಿಯನ್ನು.

ವಿದ್ಯಾಭ್ಯಾಸ

ಸುಭಾಷ್ ಮುಖರ್ಜಿಯವರು ಜನಿಸಿದ್ದು 1931ನೇ ಜನವರಿ 16ರಂದು, ಆಗ ಬಿಹಾರ ಮತ್ತು ಒರಿಸ್ಸಾ ಪ್ರಾಂತಕ್ಕೆ ಸೇರಿದ್ದ, ಈಗ ಝಾರ್ಖಂಡದಲ್ಲಿರುವ ಹಜಾರಿಬಾಗ್ ಎಂಬಲ್ಲಿ. ವೈದ್ಯಕೀಯ ವ್ಯಾಸಂಗ ನಡೆದದ್ದು ಕಲ್ಕತ್ತೆಯಲ್ಲಿ. ಶರೀರಶಾಸ್ತ್ರದಲ್ಲಿ ಪದವಿ ಪಡೆದ ಬಳಿಕ ಅವರು ಕಲ್ಕತ್ತಾ ನ್ಯಾಷನಲ್ ಮೆಡಿಕಲ್ ಕಾಲೇಜನ್ನು ಸೇರಿ 1955ರಲ್ಲಿ ವೈದ್ಯರಾದರು. ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಅವರಿಗೇ ಪ್ರಥಮ ಸ್ಥಾನ.

ಅಷ್ಟು ಓದಿದವರು ಆ ಕಾಲದಲ್ಲಿ ಸ್ವಂತ ದವಾಖಾನೆ ತೆರೆದು ಸುಖವಾಗಿ ಬಾಳಬಹುದಾಗಿತ್ತು. ಮುಖರ್ಜಿಯವರ ಮನಸ್ಸು ಸಂಶೋಧನೆಯ ಕಡೆಗೆ ವಾಲಿತು. 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಸಂತಾನೋತ್ಪತ್ತಿಯ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅದು ಸಾಲದೆಂದು ಸ್ಕಾಟ್ಲೆಂಡಿಗೆ ತೆರಳಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹಾರ್ಮೋನುಗಳ ತಜ್ಞರಾಗಿದ್ದ ಜಾನ್ ಲೊರೇನ್ ಅವರ ಬಳಿ ಅಧ್ಯಯನ ನಡೆಸಿ 1967ರಲ್ಲಿ ಎರಡನೆಯ ಡಾಕ್ಟರೇಟನ್ನೂ ಗಳಿಸಿದರು. ಹೆಣ್ಣಿನ ಅಂಡಾಣುವು ಪಕ್ವವಾಗಿ ಹೊರಬೀಳಲು ಕಾರಣವಾಗುವ ಹಾರ್ಮೋನನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿಯೂ ಅಳೆಯುವ ವಿಧಾನ ಅಲ್ಲಿ ಅವರ ಸಂಶೋಧನೆಯ ವಿಷಯವಾಗಿತ್ತು.

ವಿದೇಶದಲ್ಲಿಯೇ ನಿಂತಿದ್ದರೆ ಸುಸಜ್ಜಿತ ಪ್ರಯೋಗಶಾಲೆ, ಒಳ್ಳೆಯ ಸಂಬಳ ಎರಡೂ ಸಿಗುತ್ತಿದ್ದವು. ಅದೇ ವರ್ಷ ಅವರು ಸ್ವದೇಶಕ್ಕೆ ಮರಳಿ ಕಲ್ಕತ್ತೆಯ ಎನ್.ಆರ್.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾದರು. ಸರಕಾರಿ ಸೇವೆಯ ನಿಮಿತ್ತ ದೂರದ ಬಾಂಕುರಾದ ವೈದ್ಯಕೀಯ ಕಾಲೇಜಿನಲ್ಲೂ ದುಡಿದರು. ಪಾಠ ಮುಗಿದ ಬಳಿಕ ಉಳಿದ ಹೊತ್ತೆಲ್ಲ ಸಂಶೋಧನೆಗೇ ಮೀಸಲು. ಅವರ ಪತ್ನಿ ನಮಿತಾ ಶಾಲಾ ಶಿಕ್ಷಕಿಯಾಗಿದ್ದರು. ಪತಿಯ ಕೆಲಸಕ್ಕೆ ಆಕೆ ಕೊನೆಯವರೆಗೂ ಬೆಂಬಲವಾಗಿ ನಿಂತರು. ಮುಖರ್ಜಿಯವರು ಅಂಡಾಣುವಿನ ಬಗ್ಗೆ ಮಾತ್ರವಲ್ಲದೆ ಗಂಡಸಿನಲ್ಲಿ ವೀರ್ಯಾಣು ಹುಟ್ಟುವ ಬಗೆಯ ಕುರಿತೂ ಸಂಶೋಧನೆ ನಡೆಸಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಮಕ್ಕಳಿಲ್ಲದ ಮನೆಯಲ್ಲಿ ಹೆಣ್ಣನ್ನೇ ದೂರುವ ವಾಡಿಕೆಗೆ ವಿಜ್ಞಾನದಲ್ಲಿ ಆಧಾರವಿಲ್ಲ.

ಸಾಧನೆಯ ಹಿರಿಮೆ

ಮುಖರ್ಜಿಯವರ ಸಾಧನೆ ಎಷ್ಟು ದೊಡ್ಡದೆಂದು ತಿಳಿಯಲು ಆ ಕಾಲದ ಬ್ರಿಟನ್ನಿನ ಪ್ರಯತ್ನವನ್ನು ಅರಿಯುವುದು ಅಗತ್ಯ. ಅಲ್ಲಿ ರಾಬರ್ಟ್ ಎಡ್ವರ್ಡ್ಸ್ ಎಂಬ ವಿಜ್ಞಾನಿ, ಪ್ಯಾಟ್ರಿಕ್ ಸ್ಟೆಪ್ಟೋ ಎಂಬ ವೈದ್ಯ, ಜೀನ್ ಪರ್ಡಿ ಎಂಬ ದಾದಿ ಈ ಮೂವರು ಕೂಡಿ 1969ರಿಂದ 1978ರವರೆಗೆ ದುಡಿದರು. ಸರಕಾರದ ವೈದ್ಯಕೀಯ ಸಂಶೋಧನಾ ಮಂಡಳಿ 1971ರಲ್ಲಿ ಅವರಿಗೆ ಧನಸಹಾಯವನ್ನು ನಿರಾಕರಿಸಿತ್ತು. ಒಟ್ಟು 282 ಮಹಿಳೆಯರು ಆ ಸಂಶೋಧನೆಗೆ ತಮ್ಮನ್ನು ಒಪ್ಪಿಸಿಕೊಂಡರು. 112 ಸಲ ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸಲಾಯಿತು. ಗರ್ಭ ನಿಂತದ್ದು ಐದು ಸಲ. ಜೀವಂತವಾಗಿ ಹುಟ್ಟಿದ್ದು ಎರಡೇ ಶಿಶುಗಳು. ಅವುಗಳಲ್ಲಿ ಮೊದಲನೆಯವಳು 1978ನೇ ಜುಲೈ 25ರಂದು ಹುಟ್ಟಿದ ಲೂಯಿಸ್ ಬ್ರೌನ್. ಜಗತ್ತಿನ ಮೊದಲ ಪ್ರನಾಳ ಶಿಶು ಆಕೆಯೇ.

ಅದಾಗಿ ಸುಮಾರು ಎಪ್ಪತ್ತು ದಿನಗಳಿಗೆ, ಅಂದರೆ 1978ನೇ ಅಕ್ಟೋಬರ್ 3ರಂದು, ನವರಾತ್ರಿಯ ವೇಳೆಗೆ, ಕಲ್ಕತ್ತೆಯಲ್ಲಿ ಒಂದು ಹೆಣ್ಣು ಶಿಶುವಿನ ಜನನವಾಯಿತು. ಬಂಗಾಳವೆಲ್ಲ ದೇವಿಯ ಆರಾಧನೆಗೆ ಅಣಿಯಾಗುತ್ತಿದ್ದ ಹೊತ್ತಿನಲ್ಲಿ ಹುಟ್ಟಿದ ಆ ಮಗುವನ್ನು ದುರ್ಗಾ ಎಂದು ಕರೆದರು. ಭಾರತದ ಮೊದಲನೆಯ, ಜಗತ್ತಿನ ಎರಡನೆಯ ಪ್ರನಾಳ ಶಿಶು ಅದು. ಮುಖರ್ಜಿಯವರ ಜೊತೆಗೆ ಈ ಕಾರ್ಯದಲ್ಲಿ ಕೈಗೂಡಿಸಿದ್ದವರು ಇಬ್ಬರು: ಶೀತಲೀಕರಣ ತಜ್ಞ ಸುನೀತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ.

ಬ್ರಿಟಿಷರನ್ನು ನೋಡಿ ನಕಲು ಮಾಡಿದ ಕೆಲಸ ಇದಾಗಿರಲಿಲ್ಲ. ಮುಖ್ಯವಾದ ಮೂರು ವಿಷಯಗಳಲ್ಲಿ ಕಲ್ಕತ್ತೆಯ ದಾರಿಯೇ ಬೇರೆಯಾಗಿತ್ತು.

ಮೊದಲನೆಯದು ಅಂಡಾಣುಗಳ ಸಂಖ್ಯೆ. ಹೆಣ್ಣಿನ ದೇಹದಲ್ಲಿ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣು ಪಕ್ವವಾಗುತ್ತದೆ. ಲೂಯಿಸಳ ವಿಷಯದಲ್ಲಿ ಬ್ರಿಟಿಷ್ ವೈದ್ಯರು ಆ ಒಂದನ್ನೇ ಕಾದು ಹಿಡಿದಿದ್ದರು. ಮುಖರ್ಜಿಯವರು ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಒಂದೇ ಸಲಕ್ಕೆ ಹಲವು ಅಂಡಾಣುಗಳು ಬಲಿಯುವಂತೆ ಮಾಡಿದರು. ಮುಟ್ಟು ನಿಂತ ಹೆಂಗಸರ ಮೂತ್ರದಿಂದ ಬೇರ್ಪಡಿಸಿದ ಔಷಧ ಅದು. ಅಮೆರಿಕದ ಮೊದಲ ಪ್ರನಾಳ ಶಿಶು 1981ರಲ್ಲಿ ಜನಿಸಿದ್ದು ಇದೇ ಬಗೆಯ ಔಷಧದ ಬಲದಿಂದ.

ಎರಡನೆಯದು ಅಂಡಾಣುವನ್ನು ತೆಗೆಯುವ ಬಗೆ. ಬ್ರಿಟನ್ನಿನಲ್ಲಿ ಹೊಟ್ಟೆಗೆ ರಂಧ್ರ ಮಾಡಿ, ಒಳಗೆ ದರ್ಶಕ ನಳಿಕೆಯನ್ನು ಇಳಿಸಿ ತೆಗೆಯುತ್ತಿದ್ದರು. ಕಲ್ಕತ್ತೆಯ ತಂಡ ಹೊಟ್ಟೆಯನ್ನು ಮುಟ್ಟದೆ ಯೋನಿಮಾರ್ಗದಿಂದಲೇ ಆ ಕೆಲಸ ಮಾಡಿತು. ಸ್ಕ್ಯಾನಿಂಗ್ ಯಂತ್ರದ ನೆರವಿನೊಡನೆ ಇಂದು ಲೋಕದ ಎಲ್ಲೆಡೆ ಅನುಸರಿಸುವುದು ಇದೇ ಮಾರ್ಗವನ್ನು.

ಮೂರನೆಯದು ಎಲ್ಲಕ್ಕಿಂತ ವಿಸ್ಮಯಕರ. ಅಂಡಾಣುಗಳು ಬಲಿಯಲೆಂದು ಔಷಧ ಕೊಟ್ಟ ತಿಂಗಳಲ್ಲಿ ಗರ್ಭಕೋಶದ ಒಳಪದರವು ಭ್ರೂಣಕ್ಕೆ ಹಿತವಾಗಿರಲಾರದೆಂದು ಮುಖರ್ಜಿಯವರು ಯೋಚಿಸಿದರು. ಹಾಗಾದರೆ ಭ್ರೂಣವನ್ನು ಕಾಯಿಸುವುದೆಲ್ಲಿ? ಅತಿಶೀತದಲ್ಲಿ. ಆದರೆ ಜೀವಕೋಶದ ಒಳಗಿನ ನೀರು ಮಂಜಿನ ಹರಳಾದರೆ ಆ ಹರಳೇ ಕೋಶವನ್ನು ಸೀಳಿಬಿಡುತ್ತದೆ. ಇದನ್ನು ತಡೆಯಲು ಡಿ.ಎಂ.ಎಸ್.ಓ. ಎಂಬ ರಾಸಾಯನಿಕದ ರಕ್ಷಣೆಯಲ್ಲಿ, ಎಂಟು ಕೋಶಗಳ ಹಂತಕ್ಕೆ ಬಂದಿದ್ದ ಭ್ರೂಣವನ್ನು ಹೆಪ್ಪುಗಟ್ಟಿಸಿ 53 ದಿನ ಇರಿಸಿದರು. ಬಳಿಕ ಕರಗಿಸಿ, ತಾಯಿಯ ದೇಹ ಸಹಜ ಸ್ಥಿತಿಗೆ ಮರಳಿದ ಇನ್ನೊಂದು ಋತುಚಕ್ರದಲ್ಲಿ ಗರ್ಭಕೋಶದಲ್ಲಿ ಇರಿಸಿದರು. ಶೀತಲೀಕರಿಸಿದ ಭ್ರೂಣದಿಂದ ಹುಟ್ಟಿದ ಮೊದಲ ಶಿಶುವೆಂದು ಜಗತ್ತು ಬಹುಕಾಲ ಕೊಂಡಾಡಿದ್ದು 1984ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಜನಿಸಿದ ಮಗುವನ್ನು. ದುರ್ಗಾ ಅದಕ್ಕಿಂತ ಐದು ವರ್ಷಕ್ಕೂ ಹೆಚ್ಚು ಹಿರಿಯಳು.

ವಿಚಾರಣೆ

1978ನೇ ಅಕ್ಟೋಬರ್ 19ರಂದು ಮುಖರ್ಜಿಯವರು ಪಶ್ಚಿಮ ಬಂಗಾಳದ ಆರೋಗ್ಯ ಇಲಾಖೆಗೆ ತಮ್ಮ ವರದಿಯನ್ನು ಸಲ್ಲಿಸಿದರು. ಆ ವೇಳೆಗಾಗಲೇ ಪತ್ರಿಕೆಗಳಲ್ಲಿ ಸುದ್ದಿ ಹಬ್ಬಿತ್ತು. ಸರಕಾರದ ವೈದ್ಯನೊಬ್ಬ ಮೇಲಧಿಕಾರಿಗಳಿಗಿಂತ ಮೊದಲು ಪತ್ರಿಕೆಯವರಿಗೆ ಸುದ್ದಿ ಕೊಟ್ಟದ್ದು ಹಲವರ ಕಣ್ಣು ಕೆಂಪಾಗಿಸಿತು. ನವೆಂಬರ್ ತಿಂಗಳಲ್ಲಿ ಸರಕಾರ ಒಂದು ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿಯ ಮುಖ್ಯಸ್ಥರು ರೇಡಿಯೋ ಭೌತಶಾಸ್ತ್ರದಲ್ಲಿ ಪರಿಣತರು. ಭ್ರೂಣವನ್ನು ಹೆಪ್ಪುಗಟ್ಟಿಸಿ ಮರಳಿ ಜೀವಂತಗೊಳಿಸುವ ಕೆಲಸ ಅವರ ಕ್ಷೇತ್ರದಿಂದ ಬಹು ದೂರ. ಮುಖರ್ಜಿಯವರು ಹೇಳಿದ್ದು ನಂಬಲರ್ಹವಲ್ಲವೆಂದು ಸಮಿತಿ ತೀರ್ಮಾನಿಸಿತು.

ನ್ಯಾಯವಾಗಿ ನೋಡಿದರೆ ಪುರಾವೆ ಕೇಳಿದ್ದು ತಪ್ಪಲ್ಲ. ಯಾರೇ ಆಗಲಿ, ಹೊಸ ಚಿಕಿತ್ಸೆಯನ್ನು ಕಂಡುಹಿಡಿದೆನೆಂದು ಹೇಳಿದಾಗ ಕೂಲಂಕಷವಾಗಿ ಪರೀಕ್ಷಿಸುವುದೇ ವಿಜ್ಞಾನದ ಧರ್ಮ. ಮುಖರ್ಜಿಯವರ ಪ್ರಯೋಗದ ಕುರಿತು 1978ರಲ್ಲಿ ಶೀತಲ ವಿಜ್ಞಾನಕ್ಕೆ ಮೀಸಲಾದ ಭಾರತೀಯ ಪತ್ರಿಕೆಯೊಂದರಲ್ಲಿ ಚಿಕ್ಕ ಲೇಖನ ಪ್ರಕಟವಾಗಿತ್ತು. ಆದರೆ ಲೋಕದ ತಜ್ಞರೆಲ್ಲ ಓದುವ ದೊಡ್ಡ ಪತ್ರಿಕೆಗಳಲ್ಲಿ ವಿವರವಾದ ವರದಿ ಬಂದಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪುರಾವೆಯೆಂದರೆ ತಾಯಿ ಮತ್ತು ಮಗು. ಅವರನ್ನು ಜನರ ಮುಂದೆ ತಂದು ನಿಲ್ಲಿಸುವುದು ಸಾಧ್ಯವಿರಲಿಲ್ಲ. ಆ ಕುಟುಂಬ ಸಂಪ್ರದಾಯಸ್ಥರದು. ಮಕ್ಕಳಿಲ್ಲದ್ದಕ್ಕೆ ಚಿಕಿತ್ಸೆ ಪಡೆದ ವಿಷಯ, ಅದರಲ್ಲೂ ಗಾಜಿನ ಬಟ್ಟಲಲ್ಲಿ ಮೊಳೆತ ಮಗುವೆಂಬ ಮಾತು ಹೊರಬಿದ್ದರೆ ಸಮಾಜದಲ್ಲಿ ತಲೆಯೆತ್ತುವಂತಿಲ್ಲವೆಂದು ಅವರು ಅಂಜಿದರು. ಲೂಯಿಸ್ ಬ್ರೌನಳ ಭಾವಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಗುತ್ತಿದ್ದಾಗ ದುರ್ಗಾಳ ಹೆತ್ತವರು ಮೌನ ತಾಳಿದರು. ಅವರನ್ನು ಹಳಿಯುವ ಹಕ್ಕು ನಮಗಿಲ್ಲ. ಆ ಕಾಲದಲ್ಲಿ ಕಲ್ಕತ್ತೆಯಾಗಲಿ ಕಾಸರಗೋಡಾಗಲಿ, ಎಷ್ಟು ಮನೆಗಳು ಬೇರೆ ರೀತಿ ನಡೆದುಕೊಳ್ಳುತ್ತಿದ್ದವು? ಆದರೂ ಒಂದು ಮಾತು ಸತ್ಯ. ಬಂಜೆತನದ ಬಗ್ಗೆ ಸಮಾಜ ಹೊತ್ತಿದ್ದ ನಾಚಿಕೆಯೇ ಮುಖರ್ಜಿಯವರ ಪಾಲಿಗೆ ಬಲವಾದ ಪ್ರತಿಕಕ್ಷಿಯಾಯಿತು. ತಮ್ಮನ್ನು ನಂಬಿ ಬಂದ ಮನೆಯವರ ಮಾನ ಮುಖ್ಯವೋ, ತಮ್ಮ ಹೆಸರು ಮುಖ್ಯವೋ ಎಂಬ ಪ್ರಶ್ನೆ ಬಂದಾಗ ಈ ವೈದ್ಯರು ಆ ಮನೆಯವರ ಮಾನವನ್ನೇ ಕಾಯ್ದರು.

ಅಂತ್ಯ

ತಮ್ಮ ಮಾತನ್ನು ತಿಳಿದವರ ಮುಂದಿಟ್ಟು ಸ್ಥಾಪಿಸಲು ಅವರಿಗೊಂದು ಅವಕಾಶ ಒದಗಿತ್ತು. 1979ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಿಂದ ಅವರಿಗೆ ಉಪನ್ಯಾಸಕ್ಕೆ ಆಹ್ವಾನ ಬಂತು. ಅಲ್ಲಿ ಈ ವಿಷಯವನ್ನು ಬಲ್ಲ ವಿಜ್ಞಾನಿಗಳು ಅವರ ಕೆಲಸವನ್ನು ತೂಗಿನೋಡಬಹುದಿತ್ತು. ಸರಕಾರ ಅವರಿಗೆ ಹೋಗಲು ಅನುಮತಿ ನೀಡಲಿಲ್ಲ. ಪುರಾವೆ ಸಾಲದೆಂದು ದೂರಿದವರೇ ಪುರಾವೆ ಒದಗಿಸುವ ದಾರಿಯನ್ನೂ ಮುಚ್ಚಿದಂತಾಯಿತು.

ಈ ಮಧ್ಯೆ ಅವರ ಆರೋಗ್ಯ ಕೆಟ್ಟಿತು. ಹೃದಯಾಘಾತವೂ ಆಯಿತು. 1981ನೇ ಜೂನ್ ತಿಂಗಳ ಮೊದಲ ವಾರದಲ್ಲಿ ವರ್ಗಾವಣೆಯ ಆಜ್ಞೆ ಬಂತು. ಸಂತಾನೋತ್ಪತ್ತಿಯ ಅಧ್ಯಯನದಲ್ಲಿ ಎರಡು ಡಾಕ್ಟರೇಟ್ ಪಡೆದಿದ್ದ ವಿಜ್ಞಾನಿಯನ್ನು ಕಲ್ಕತ್ತೆಯ ಕಣ್ಣಿನ ಚಿಕಿತ್ಸಾ ಸಂಸ್ಥೆಯೊಂದಕ್ಕೆ ಕಳುಹಿಸಲಾಯಿತು. ಅವರ ಜೀವಮಾನದ ಕೆಲಸಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಅದೇ ತಿಂಗಳ 19ರಂದು ಡಾ. ಸುಭಾಷ್ ಮುಖರ್ಜಿ ತಮ್ಮ ಜೀವನವನ್ನು ತಾವೇ ಕೊನೆಗೊಳಿಸಿಕೊಂಡರು. ಆಗ ಅವರಿಗೆ ಐವತ್ತು ವರ್ಷ. ದುರ್ಗಾ ಇನ್ನೂ ಮೂರು ತುಂಬದ ಕೂಸು.

ಅವರ ಕಥೆಯ ಪ್ರೇರಣೆಯಿಂದ ಬಂಗಾಳಿ ಲೇಖಕ ರಮಾಪದ ಚೌಧುರಿಯವರು ಬರೆದ ಕಥೆಯನ್ನು ಆಧರಿಸಿ ತಪನ್ ಸಿನ್ಹಾ ಅವರು 1990ರಲ್ಲಿ ಏಕ್ ಡಾಕ್ಟರ್ ಕೀ ಮೌತ್ ಎಂಬ ಹಿಂದಿ ಚಲನಚಿತ್ರವನ್ನು ತಯಾರಿಸಿದರು. ಚಿತ್ರದಲ್ಲಿ ವೈದ್ಯನ ಸಂಶೋಧನೆ ಕುಷ್ಠರೋಗದ ಲಸಿಕೆಯೆಂದು ಬದಲಾಗಿದೆ. ಆದರೂ ತಿಳಿದವರಿಗೆ ಇದು ಯಾರ ಕಥೆಯೆಂಬುದು ಗುಟ್ಟಾಗಿರಲಿಲ್ಲ.

ಬೆಂಗಳೂರಿನಿಂದ ಬಂದ ನ್ಯಾಯ

ಮುಖರ್ಜಿಯವರು ತೀರಿಕೊಂಡ ಐದು ವರ್ಷಗಳ ಮೇಲೆ, 1986ನೇ ಆಗಸ್ಟ್ 6ರಂದು, ಬೊಂಬಾಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಹರ್ಷಾ ಎಂಬ ಹೆಣ್ಣು ಮಗು ಹುಟ್ಟಿತು. ಭಾರತದ ಪ್ರಥಮ ಪ್ರನಾಳ ಶಿಶುವೆಂದು ದೇಶವೆಲ್ಲ ಸಂಭ್ರಮಿಸಿತು. ಈ ಸಾಧನೆಯ ಹಿಂದಿದ್ದವರು ಸ್ತ್ರೀರೋಗ ತಜ್ಞೆ ಡಾ. ಇಂದಿರಾ ಹಿಂದುಜಾ ಮತ್ತು ಅದೇ ನಗರದಲ್ಲಿದ್ದ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದಕುಮಾರ್. ಇವರ ಬಳಿ ಪ್ರತಿಯೊಂದು ಹಂತದ ದಾಖಲೆಯೂ ಇತ್ತು. ಆದುದರಿಂದ ಯಾರೂ ಶಂಕಿಸಲಿಲ್ಲ.

ಆನಂದಕುಮಾರರು ಆ ಬಳಿಕ ಬೆಂಗಳೂರಿನಲ್ಲಿ ನೆಲೆಸಿ ಬಂಜೆತನದ ಚಿಕಿತ್ಸೆ ಮತ್ತು ಸಂಶೋಧನೆಯನ್ನು ಮುಂದುವರಿಸಿದ್ದರು. 1997ರಲ್ಲಿ ಕಲ್ಕತ್ತೆಯಲ್ಲಿ ನಡೆದ ವೈದ್ಯಕೀಯ ಸಮ್ಮೇಳನದಲ್ಲಿ ಮುಖರ್ಜಿ ಸ್ಮಾರಕ ಉಪನ್ಯಾಸಕ್ಕಾಗಿ ಅವರನ್ನು ಕರೆದಿದ್ದರು. ಅಲ್ಲಿ ಹಳೆಯ ಸಂಗಾತಿ ಸುನೀತ್ ಮುಖರ್ಜಿಯವರು ವರುಷಗಳಿಂದ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ ಕೈಬರಹದ ಟಿಪ್ಪಣಿಗಳನ್ನೂ ಕಾಗದಪತ್ರಗಳನ್ನೂ ಅವರ ಕೈಗೊಪ್ಪಿಸಿದರು.

ಆನಂದಕುಮಾರರ ಸ್ಥಾನದಲ್ಲಿ ಬೇರೊಬ್ಬರಿದ್ದರೆ ಆ ಕಾಗದಗಳನ್ನು ಮಡಚಿಟ್ಟು ಸುಮ್ಮನಾಗಬಹುದಿತ್ತು. ಭಾರತದ ಮೊದಲ ಪ್ರನಾಳ ಶಿಶುವಿನ ಕೀರ್ತಿ ಅವರದೇ ಆಗಿ ಹನ್ನೊಂದು ವರ್ಷ ಕಳೆಯುತ್ತ ಬಂದಿತ್ತು. ಅವರು ಪ್ರತಿ ಹಾಳೆಯನ್ನೂ ಪರಿಶೀಲಿಸಿದರು. ದುರ್ಗಾಳ ಹೆತ್ತವರೊಡನೆ ಮಾತಾಡಿದರು. ತಾವೇ ಆ ಕೆಲಸವನ್ನು ಕೈಯಾರೆ ಮಾಡಿದ್ದವರಾದ್ದರಿಂದ ಯಾವ ಹಂತದಲ್ಲಿ ಏನು ಬರೆದಿರಬೇಕು, ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದು ಅವರಿಗೆ ತಿಳಿದಿತ್ತು. ಮುಖರ್ಜಿಯವರು ಹೇಳಿದ್ದೆಲ್ಲ ನಿಜವೆಂದು ಅವರಿಗೆ ಮನದಟ್ಟಾಯಿತು. ಅದೇ ವರ್ಷ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬರೆದು, ಭಾರತದ ಪ್ರಥಮ ಪ್ರನಾಳ ಶಿಶುವಿನ ಶಿಲ್ಪಿ ತಾವಲ್ಲ, ಡಾ. ಸುಭಾಷ್ ಮುಖರ್ಜಿ ಎಂದು ಲೋಕಕ್ಕೆ ಸಾರಿದರು.

ತನ್ನ ತಲೆಯ ಮೇಲಿನ ಕಿರೀಟವನ್ನು ತಾನೇ ತೆಗೆದು, ಗತಿಸಿದ ಇನ್ನೊಬ್ಬನ ತಲೆಗಿಡುವುದು ಸಣ್ಣ ಮಾತಲ್ಲ. 2010ರಲ್ಲಿ ಆನಂದಕುಮಾರರೂ ತೀರಿಕೊಂಡರು. ಅವರ ಹಲವು ಸಂಶೋಧನೆಗಳ ಸಾಲಿನಲ್ಲಿ ಈ ಒಂದು ಲೇಖನಕ್ಕೆ ಹಿರಿದಾದ ಸ್ಥಾನ ಸಲ್ಲುತ್ತದೆ.

2003ರಲ್ಲಿ ದುರ್ಗಾ ತನ್ನ ಇಪ್ಪತ್ತೈದನೆಯ ಹುಟ್ಟುಹಬ್ಬದಂದು, ಮುಖರ್ಜಿಯವರ ಸ್ಮರಣಾರ್ಥ ಏರ್ಪಟ್ಟ ಸಮಾರಂಭದಲ್ಲಿ ಸಾರ್ವಜನಿಕರ ಮುಂದೆ ಕಾಣಿಸಿಕೊಂಡರು. ತಾಯಿತಂದೆಯರು ಬಾಯಿಬಿಡಲು ಅಂಜಿದ್ದ ಮಾತನ್ನು ಮಗಳು ತಲೆಯೆತ್ತಿ ಹೇಳಿದರು. 2005ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಭಾಗಿತ್ವದಲ್ಲಿ ಹೊರಬಂದ ಮಾರ್ಗದರ್ಶಿ ಗ್ರಂಥದಲ್ಲಿ ಮುಖರ್ಜಿಯವರ ಸಾಧನೆಯ ಉಲ್ಲೇಖವಾಯಿತು. 2010ರಲ್ಲಿ ರಾಬರ್ಟ್ ಎಡ್ವರ್ಡ್ಸರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆಗ ನಮ್ಮ ದೇಶದಲ್ಲಿ ಅನೇಕರು ಕಲ್ಕತ್ತೆಯ ಈ ವೈದ್ಯರನ್ನು ನೆನೆದು ಮರುಗಿದರು.

ನಾವು ಕಲಿಯಬೇಕಾದ ಪಾಠ

ಮುಖರ್ಜಿಯವರನ್ನು ಕೊನೆಗೂ ಕಾಪಾಡಿದ್ದು ಅವರು ಬರೆದಿಟ್ಟ ಟಿಪ್ಪಣಿಗಳು. ಬದುಕಿದ್ದಾಗ ಅವರ ಮಾತನ್ನು ಯಾರೂ ನಂಬಲಿಲ್ಲ. ಹದಿನಾರು ವರ್ಷಗಳ ಬಳಿಕ ಅವರ ಬರಹವನ್ನು ನಂಬಿದರು. ಚಿಕಿತ್ಸೆಯ ಸಂಶೋಧನೆಯಲ್ಲಿ ದಾಖಲೆಯೆಂಬುದು ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಇಂದು ರೋಗಿಯ ಹೆಸರನ್ನು ಗುಟ್ಟಾಗಿಟ್ಟೇ ದಾಖಲೆಗಳನ್ನು ಪರೀಕ್ಷಿಸುವ ಏರ್ಪಾಡುಗಳಿವೆ. ಹೊಸ ಚಿಕಿತ್ಸೆಯ ಪ್ರಯೋಗವನ್ನು ಮೊದಲೇ ನೋಂದಾಯಿಸಲು 2007ರಿಂದ ದೇಶದಲ್ಲೊಂದು ನೋಂದಣಿ ವ್ಯವಸ್ಥೆಯುಂಟು. ಬಂಜೆತನ ಚಿಕಿತ್ಸಾಲಯಗಳಿಗಾಗಿ ಸಂಸತ್ತು 2021ರಲ್ಲಿ ಅಂಗೀಕರಿಸಿದ ಕಾಯಿದೆಯಂತೆ ಅವು ನೋಂದಾಯಿಸಿಕೊಳ್ಳಬೇಕು, ದಂಪತಿಗಳ ಲಿಖಿತ ಒಪ್ಪಿಗೆ ಪಡೆಯಬೇಕು, ದಾಖಲೆಗಳನ್ನು ಇಡಬೇಕು. ಚಿಕಿತ್ಸೆಗೆ ಹೋಗುವವರು ಚಿಕಿತ್ಸಾಲಯದ ನೋಂದಣಿಯನ್ನು ವಿಚಾರಿಸಲು, ತಮ್ಮ ಕಾಗದಪತ್ರಗಳ ಪ್ರತಿಯನ್ನು ಕೇಳಿ ಪಡೆಯಲು ಸಂಕೋಚಪಡಬಾರದು. ಪ್ರತಿ ಪ್ರಯತ್ನವೂ ಫಲಿಸುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಖಂಡಿತ ಮಗುವಾಗುತ್ತದೆಂದು ಭರವಸೆ ಕೊಡುವವರ ಬಗ್ಗೆ ಎಚ್ಚರಿಕೆ ಒಳ್ಳೆಯದು.

ಆದರೆ ಕಾಯಿದೆಯಿಂದ ಹೋಗದ ಒಂದು ರೋಗವಿದೆ. ಅದು ನಾಚಿಕೆ. ಗಂಡ ಹೆಂಡಿರಿಬ್ಬರೂ ಪರೀಕ್ಷೆಗೆ ಒಳಗಾಗಬೇಕಾದಲ್ಲಿ ಹೆಂಡತಿಯನ್ನು ಮಾತ್ರ ವೈದ್ಯರಲ್ಲಿಗೆ ಅಟ್ಟುವುದು, ನೆರೆಯವರಿಗೆ ತಿಳಿದೀತೆಂದು ಹೆದರಿ ಚಿಕಿತ್ಸೆಯ ವಯಸ್ಸನ್ನು ಕಳೆದುಕೊಳ್ಳುವುದು, ಮಗುವಾದ ಮೇಲೆ ಅದು ಚಿಕಿತ್ಸೆಯಿಂದ ಹುಟ್ಟಿದ್ದೆಂಬುದನ್ನು ಬಚ್ಚಿಡುವುದು ನಮ್ಮ ಮನೆಗಳಲ್ಲಿ ಇನ್ನೂ ನಡೆದಿದೆ. ಒಬ್ಬ ವೈದ್ಯನ ಪರವಾಗಿ ಸಾಕ್ಷಿ ನುಡಿಯಬೇಕಾದ ಗಳಿಗೆಯಲ್ಲಿ ಕಲ್ಕತ್ತೆಯ ಒಂದು ಮನೆಯ ಬಾಯಿ ಕಟ್ಟಿದ್ದು ಇದೇ ನಾಚಿಕೆ. ತೊಟ್ಟಿಲ ಶಾಸ್ತ್ರಕ್ಕೆ ಕರೆಯುವಾಗ ಮಕ್ಕಳಿಲ್ಲದವಳನ್ನೂ ಮರೆಯದೆ ಕರೆಯುವಷ್ಟು ನಾವು ಬದಲಾದರೆ ಡಾ. ಸುಭಾಷ್ ಮುಖರ್ಜಿಯವರ ಋಣದಲ್ಲಿ ಸ್ವಲ್ಪವನ್ನಾದರೂ ತೀರಿಸಿದಂತಾದೀತು.